ಸಮುದ್ರದ ದಂಡೆಯ ಬಾವಿ

ಹೋದ ತಿಂಗಳು ಕಂಪ್ಲಿಗೆ ಹೋಗಿದ್ದೆ. ನಾನು ಹರೆಯದಲ್ಲಿ ಗುಮಾಸ್ತನಾಗಿದ್ದ ಅಕ್ಕಿ ಗಿರಣಿಯ ಮನೆಯನ್ನು ಕೆಡವುತ್ತಿದ್ದಾರೆ. ಆ ಮನೆಯ ಸೊಸೆ ಶಾಂತಮ್ಮ ಹೇಳಿ ಕಳಿಸಿದ್ದಳು: ತೀರಿಕೊಂಡ ಅತ್ತೆಯ ಪೆಟ್ಟಿಗೆಯಲ್ಲಿ ಒಂದು ಹಳೆಯ ಕಾರ್ಡು ಸಿಕ್ಕಿದೆ, ಮಸಿ ಮಾಸಿದೆ, ತನಗೆ ಓದಲಾಗುತ್ತಿಲ್ಲ, ಕಾಕಾ ಬಂದು ಓದಿ ಹೇಳಬೇಕು ಎಂದು. ಅದು ಯಾವ ಕಾರ್ಡು ಎಂದು ನನಗೆ ಗೊತ್ತಿತ್ತು. ಆದರೂ ಹೋದೆ.

ಬಸ್ಸಿನಿಂದಿಳಿದು ಗಿರಣಿಯ ಓಣಿಗೆ ತಿರುಗಿದೊಡನೆ ಹೊಟ್ಟಿನ ಹೊಗೆಯ ವಾಸನೆ ಬಂತು. ಯಾರೋ ಇಟ್ಟಿಗೆ ಸುಡುವವರು ಬಯಲಿನಲ್ಲಿ ಭತ್ತದ ಹೊಟ್ಟು ತಂದು ಸುರಿದಿದ್ದರು. ಹೊಟ್ಟಿನ ರಾಶಿಗೆ ಬೆಂಕಿ ಬಿದ್ದರೆ ಉರಿ ಕಾಣುವುದಿಲ್ಲ. ಮೇಲೆ ಬೂದಿ ಬಣ್ಣ, ಒಳಗೆ ನಾಲ್ಕಾರು ದಿನ ಸುಡುತ್ತಲೇ ಇರುತ್ತದೆ. ಆ ವಾಸನೆಯಲ್ಲಿ ಸ್ವಲ್ಪ ಹೊತ್ತು ನಿಂತೆ. ಅಳು ಬರಲಿಲ್ಲ. ಈ ವಿಷಯಕ್ಕೆ ನನಗೆ ಎಂದೂ ಅಳು ಬಂದಿಲ್ಲ. ಬರೆದಿಡಬೇಕು ಎಂದು ಮಾತ್ರ ಅನ್ನಿಸಿತು.

ಅದು ದೊಡ್ಡ ಯುದ್ಧ ಶುರುವಾಗುವ ಮುಂಚಿನ ಬೇಸಿಗೆ. ನನಗೆ ಇಪ್ಪತ್ತೆರಡು. ಹೈಸ್ಕೂಲು ಮುಗಿಸಿ ಶಿವಲಿಂಗಪ್ಪ ಸಾವಕಾರ್ರ ಗಿರಣಿಗೆ ಸೇರಿ ಮೂರು ವರ್ಷವಾಗಿತ್ತು. ಆ ವರ್ಷ ಸಾವಕಾರ್ರು ಒಂದು ಕಾರು ಕೊಂಡರು. ಸಂಡೂರಿನ ಗಣಿಯಲ್ಲಿದ್ದ ಒಬ್ಬ ಬಿಳಿಯ ದೊರೆ ತನ್ನ ದೇಶಕ್ಕೆ ಹೊರಟಾಗ ಮಾರಿ ಹೋದ ಕಾರು. ಅದರ ಜೊತೆಗೇ ಅದನ್ನು ಓಡಿಸುತ್ತಿದ್ದ ಇಮಾಮ್ ಸಾಬನೂ ಬಂದ. ಗಣಿಯ ಅದಿರು ಹಡಗು ಹತ್ತುವ ಬಂದರಿನವರೆಗೆ ದೊರೆಯನ್ನು ಎರಡು ಸಲ ಕರೆದೊಯ್ದಿದ್ದವನು ಅವನು. ಕಂಪ್ಲಿಯಲ್ಲಿ ನಮಗೆ ಗೊತ್ತಿದ್ದವರ ಪೈಕಿ ಸಮುದ್ರ ನೋಡಿದ್ದವನು ಅವನೊಬ್ಬನೇ.

ಸಾವಕಾರ್ರ ಹೆಂಡತಿ ನೀಲಮ್ಮನವರಿಗೆ ಆಗ ನಲವತ್ತರ ಹತ್ತಿರ. ಮಕ್ಕಳಿರಲಿಲ್ಲ. ಓದು ಬರಹ ಬರುತ್ತಿರಲಿಲ್ಲ. ನನ್ನನ್ನು ತಮ್ಮ ಎಂದು ಕರೆಯುತ್ತಿದ್ದರು. ಮದುವೆಯಾಗಿ ಬಂದ ಮೇಲೆ ಅವರು ನೋಡಿದ ಊರುಗಳು ಹೊಸಪೇಟೆ, ಹಂಪಿ, ಸಂಡೂರು ಅಷ್ಟೇ. ಇಮಾಮ್ ಸಾಬ ಒಂದು ದಿನ ಕಾರು ಒರೆಸುತ್ತ ಸಮುದ್ರದ ಮಾತು ತೆಗೆದ. ಅಂದಿನಿಂದ ಅವರು ಗಂಡನನ್ನು ಕೇಳತೊಡಗಿದರು. ಜಗಳವಾಡಲಿಲ್ಲ. ಊಟಕ್ಕೆ ಬಡಿಸುವಾಗ ಒಮ್ಮೆ, ಎಲೆ ಅಡಿಕೆ ಕೊಡುವಾಗ ಒಮ್ಮೆ, ಅಷ್ಟೇ. ಹದಿನೈದು ದಿನಕ್ಕೆ ಸಾವಕಾರ್ರು ಸೋತರು.

"ಲೇ ಭದ್ರಿ," ಎಂದು ನನ್ನನ್ನು ಕರೆದರು. "ಬಸವ ಜಯಂತಿ ಆದ ಮ್ಯಾಲೆ ಗಿರಣಿ ನಿಲ್ತೈತಿ. ಮಿರಗದ ಮುಂಗಾರು ಮಳಿ ಬರಾದ್ರೊಳಗ ಸಮುದ್ರ ನೋಡಿ ತಿರುಗಿ ಬರಬೇಕು. ನೀನು ಮ್ಯಾಪ್ ಓದಿದಾಂವ. ಯಾವ ದಿನ ಎಲ್ಲಿಗೆ, ರಾತ್ರಿ ಎಲ್ಲಿ ವಸ್ತಿ, ಎಲ್ಲಾ ಬರದು ತಗಂಬಾ."

ನನ್ನ ಶಾಲೆಯ ಭೂಪಟ ಇನ್ನೂ ಇತ್ತು. ಅದನ್ನು ಹರಡಿಕೊಂಡು, ದೊಡ್ಡ ಕಂದು ಕಾಗದದ ಮೇಲೆ ದಾರಿ ಬರೆದೆ. ಮೊದಲ ದಿನ ಹೊಸಪೇಟೆ ಮೇಲೆ ಸಂಡೂರು. ಎರಡನೆಯ ದಿನ ಕೂಡ್ಲಿಗಿ, ಹರಪನಹಳ್ಳಿ. ಮೂರನೆಯ ದಿನ ಹರಿಹರ. ನಾಲ್ಕಕ್ಕೆ ಶಿವಮೊಗ್ಗ. ಐದಕ್ಕೆ ತೀರ್ಥಹಳ್ಳಿ ದಾಟಿ ಆಗುಂಬೆ. ಆರನೆಯ ದಿನ ಘಟ್ಟ ಇಳಿದು ಸಮುದ್ರ. ಸಾವಕಾರ್ರು ಬೆರಳಿಟ್ಟು ನೋಡಿದರು.

"ನಾವು ಇರಾದು ಮದ್ರಾಸ್ ಸರ್ಕಾರದಾಗ. ಸಮುದ್ರ ಇರಾದೂ ಮದ್ರಾಸ್ ಸರ್ಕಾರದಾಗ. ನಡುವ ಸಂಡೂರು, ಮೈಸೂರು, ಇಬ್ಬರು ರಾಜರ ಸೀಮಿ ದಾಟಬೇಕಲ್ಲೋ," ಎಂದು ನಕ್ಕರು.

ಮಧ್ಯಾಹ್ನ ನೀಲಮ್ಮನವರು ಪಡಸಾಲೆಯಲ್ಲಿ ಬೇಳೆ ಹಸನು ಮಾಡುತ್ತ ಕೂರುತ್ತಿದ್ದರು. ನಾನು ಕಾಗದ ಹಿಡಿದು ಓದಬೇಕು. ಒಂದೊಂದು ಊರಿಗೂ ಅವರು ಕೈಯಲ್ಲಿನ ಮೊರವನ್ನು ನಿಲ್ಲಿಸಿ ಕೇಳುತ್ತಿದ್ದರು, "ಅಲ್ಲಿ ನೋಡಾಕ ಏನೈತಿ?" ಆಗುಂಬೆಯಲ್ಲಿ ಸೂರ್ಯ ಮುಳುಗುವುದನ್ನು ಜನ ನಿಂತು ನೋಡುತ್ತಾರಂತೆ ಎಂದೆ.

"ಸೂರ್ಯ ಮುಳುಗಾದು ನಮ್ಮ ಮಾಳಿಗಿ ಮ್ಯಾಲೂ ಕಾಣ್ತೈತಿ ತಮ್ಮ. ಅದಕ್ಕ ಅಷ್ಟು ದೂರ ಹೋಗಬೇಕೇನು?"

"ಅಲ್ಲಿಂದ ಸಮುದ್ರದಾಗ ಮುಳುಗಿದ್ದು ಕಾಣ್ತೈತಂತ್ರಿ ಅಮ್ಮಾರ."

"ಹಂಗಾರ ಇರ್ಲಿ ಬಿಡು," ಎಂದು ಮೊರ ಜಾಡಿಸಿದರು.

ಕಾರು ಇಷ್ಟು ದೂರ ಹೋದೀತೇ ಎಂದು ನೋಡಲು ಸಾವಕಾರ್ರು ಮೊದಲು ಹಂಪಿಗೆ, ಅಲ್ಲಿಂದ ಸಂಡೂರಿಗೆ ಒಂದು ಸುತ್ತು ಹೊರಟರು. ನನ್ನನ್ನು ಮುಂದಿನ ಸೀಟಿನಲ್ಲಿ, ಇಮಾಮ್ ಸಾಬನ ಪಕ್ಕ ಕೂರಿಸಿದರು. ನನ್ನ ತೊಡೆಯ ಮೇಲೆ ಕಂದು ಕಾಗದ. ಆ ಎರಡು ದಿನ ನಾನು ಬಹಳ ಸಂತೋಷವಾಗಿದ್ದೆ. ಅದನ್ನೂ ಹೇಳಬೇಕು.

ಹೊಸಪೇಟೆ ದಾಟಿ ಮಲಪನಗುಡಿಗೆ ಬರುವಷ್ಟರಲ್ಲಿ ಕಾರಿನ ಮೂತಿಯಿಂದ ಹಬೆ ಏಳತೊಡಗಿತು. ಇಮಾಮ್ ಸಾಬ ಡಬ್ಬಿ ಹಿಡಿದು ಅಲ್ಲಿನ ಹಳೆಯ ಮೆಟ್ಟಿಲ ಬಾವಿಗೆ ಇಳಿದು ನೀರು ತಂದು ಸುರಿದ. ನೀಲಮ್ಮನವರಿಗೂ ಬಾಯಾರಿತ್ತು. ಮನೆಯಿಂದ ತಂದ ಬಿಂದಿಗೆ ಖಾಲಿಯಾಗಿತ್ತು. ಸಾವಕಾರ್ರ ಮನೆಯಲ್ಲಿ ಆಚಾರ ಬಹಳ. ಲಿಂಗ ಕಟ್ಟಿದವರು ಸೇದಿದ ನೀರನ್ನಷ್ಟೇ ಕುಡಿಯುವುದು, ಅವರು ಮಾಡಿದ ಅಡಿಗೆಯನ್ನಷ್ಟೇ ಉಣ್ಣುವುದು. ನಾನೂ ಲಿಂಗ ಕಟ್ಟಿದವನೇ. ಇಳಿದು ಹೋಗಿ ತಂದೆ. ನೀಲಮ್ಮನವರು ಕಾರಿನ ಕಡೆ ನೋಡಿದರು.

"ಇದಕ್ಕ ಯಾರ ಕೈ ನೀರಾದ್ರೂ ನಡಿತೈತಿ. ನನಗ ನಡಿಯಂಗಿಲ್ಲ. ನನಗಿಂತ ಇದ ಸುಖವಾಗೈತಿ ನೋಡು."

ಸಾವಕಾರ್ರಿಗೆ ಆ ಮಾತು ಹಿಡಿಸಲಿಲ್ಲ.

ಹಂಪಿಯಲ್ಲಿ ಹೊಳೆಯ ದಂಡೆಗೆ ಇಳಿದೆವು. ಬೇಸಿಗೆಯಾದ್ದರಿಂದ ಬಂಡೆಗಳ ನಡುವೆ ಮಾತ್ರ ನೀರು. "ಸಮುದ್ರ ಇದರ ಎಷ್ಟು ಪಟ್ಟು ಇಮಾಮು?" ಎಂದು ನೀಲಮ್ಮನವರು ಕೇಳಿದರು.

"ಪಟ್ಟು ಹೇಳಾಕ ಬರಂಗಿಲ್ರಿ ಅಮ್ಮಾರ. ಅದಕ್ಕ ಆ ಕಡಿ ದಂಡಿನ ಇಲ್ಲ."

"ದಂಡಿ ಇಲ್ಲದ್ದು ಹೆಂಗ ನಿಂತೈತಿ ಮತ್ತ?"

"ನಾನೂ ಅದ ಕೇಳಿದ್ನಿರಿ ದೊರೀನ. ಅವರು ಸಿಗರೇಟ್ ಸೇದಿಕೋಂತ ಸುಮ್ನ ನಿಂತ್ರು. ಮೀನದ್ದು ಒಂದು ವಾಸನಿ ಇರ್ತೈತಿ ನೋಡ್ರಿ, ಅದು ಮೂಗಿಗೆ ಬಂದ್ರ ಸಮುದ್ರ ಸಮೀಪ ಬಂತು ಅಂತ ತಿಳ್ಕೋಬೇಕು."

ಮರುದಿನ ಸಂಡೂರು. ಬೆಟ್ಟದ ಮೇಲಿನ ಕುಮಾರಸ್ವಾಮಿಯ ದರ್ಶನಕ್ಕೆ ಹೆಂಗಸರನ್ನು ಬಿಡುವ ಪದ್ಧತಿಯಿಲ್ಲ. ಸಾವಕಾರ್ರು ಒಳಗೆ ಹೋದರು. ನೀಲಮ್ಮನವರು ಕಾರಿನಲ್ಲೇ ಕೂತರು. ಅವರಿಗೆ ಅದು ಹೊಸದಲ್ಲ, ಪ್ರತಿ ಸಲವೂ ಹಾಗೇ. ಕೆಂಪು ಧೂಳು ಹಾರಿ ಬಂದು ಅವರ ಸೆರಗಿನ ಮೇಲೆ ಕೂರುತ್ತಿತ್ತು.

"ತಮ್ಮ, ಸಮುದ್ರಕ್ಕ ಬಾಗಲ ಇರಂಗಿಲ್ಲಲ್ಲ?" ಎಂದರು.

"ಇಲ್ರಿ ಅಮ್ಮಾರ."

"ಮತ್ತ ಸಾಕು."

ತಿರುಗಿ ಬಂದ ಮೇಲೆ ಕೆಲಸ ಇನ್ನೂ ಜೋರಾಯಿತು. ರಾತ್ರಿ ತಂಗುವ ಪ್ರತಿ ಊರಿನಲ್ಲೂ ನಮ್ಮವರ ಮನೆಯೋ ಮಠವೋ ಇರಬೇಕು. ನೀರಿಗಾಗಿ. ಮುಸಾಫಿರಿ ಬಂಗಲೆಗಳಿದ್ದವು, ಆದರೆ ಅಲ್ಲಿನ ಬಾವಿಗೆ ಯಾರ ಕೊಡ ಇಳಿಯುತ್ತದೋ ಗೊತ್ತಿಲ್ಲ. ಮಲಪನಗುಡಿಯಲ್ಲಿ ಬಾಯಾರಿ ಒಮ್ಮೆ ಕುಡಿದದ್ದು ಬೇರೆ, ಪೂಜೆಗೂ ಅಡಿಗೆಗೂ ಅಂಥ ನೀರು ನಡೆಯದು. ಹರಪನಹಳ್ಳಿಗೆ ಬರೆದೆ, ಹರಿಹರಕ್ಕೆ ಬರೆದೆ, ಶಿವಮೊಗ್ಗದ ಅಕ್ಕಿ ವ್ಯಾಪಾರಿಗೆ ಬರೆದೆ. ಎಲ್ಲ ಕಡೆಯಿಂದ ಬನ್ನಿ ಎಂದು ಉತ್ತರ ಬಂತು. ಘಟ್ಟದ ಕೆಳಗೆ ಮಾತ್ರ ನಮ್ಮವರು ಯಾರೂ ಇಲ್ಲ. ಕೊನೆಗೆ ಶಿವಮೊಗ್ಗದ ವ್ಯಾಪಾರಿ ಒಂದು ಹೆಸರು ಕೊಟ್ಟರು. ಚನ್ನಬಸಪ್ಪ ಎಂಬ ಜವಳಿ ವ್ಯಾಪಾರಿ. ಮೇಲುಸೀಮೆಯಿಂದ ಹೋಗಿ ಉಡುಪಿಯ ಆಚೆ ಸಮುದ್ರದ ದಂಡೆಯ ಒಂದು ಪೇಟೆಯಲ್ಲಿ ನೆಲೆಸಿದವರು. ಅವರಿಗೆ ನಾನು ಎರಡು ಪುಟದ ಕಾಗದ ಬರೆದೆ. ಅಕ್ಷರ ಅಷ್ಟು ಚೆನ್ನಾಗಿ ಮತ್ತೆಂದೂ ಬರೆದಿಲ್ಲ.

ಉತ್ತರಕ್ಕೆ ಕಾಯುತ್ತಿದ್ದ ದಿನಗಳಲ್ಲಿ ಒಂದು ಬೆಳಿಗ್ಗೆ ಸಾವಕಾರ್ರು ಕಾರಿನ ಸುತ್ತ ತಿರುಗಿ ಸೀಟುಗಳನ್ನು ಹಂಚಿದರು.

"ಹಿಂದ ನಾನು, ನೀಲಮ್ಮ, ನಮ್ಮ ತಂಗಿ ಸಂಗಮ್ಮ. ಮುಂದ ಇಮಾಮು. ಅವನ ಬಾಜೂಕ ಅಯ್ನೋರು. ದಿನಾ ಪಾದಪೂಜಿ ತಪ್ಪಬಾರದು."

ಅಯ್ನೋರು ಎಂದರೆ ಅವರ ಮನೆಯ ಗುರುಗಳಾದ ಜಂಗಮರು. ಎಪ್ಪತ್ತರ ಮುದುಕರು, ಕಾರು ಹತ್ತಿದರೆ ವಾಂತಿ ಮಾಡಿಕೊಳ್ಳುತ್ತಿದ್ದರು.

"ದಾರಿ ಕಾಗದ ಯಾರು ಓದ್ತಾರ್ರಿ? ನನಗ ಕನ್ನಡ ಓದಾಕ ಬರಂಗಿಲ್ಲ," ಎಂದು ಇಮಾಮ್ ಸಾಬ ಕೇಳಿದ.

"ಅಯ್ನೋರು ಓದ್ತಾರ. ಭದ್ರಿ ಗಿರಣಿ ನೋಡ್ಕೊಂತ ಇರ್ಲಿ."

ಸಾವಕಾರ್ರು ಒಳಗೆ ಹೋದ ಮೇಲೆ ಇಮಾಮ್ ಸಾಬ ನನ್ನ ಭುಜ ತಟ್ಟಿದ. "ಏನ್ರಿ ನಕಾಶಿ ಸಾಹೇಬ್ರ, ಹಾದಿ ನಿಮ್ಮದು, ಸೀಟು ಅಯ್ನೋರದು. ಬಿಡ್ರಿ, ಬರುವಾಗ ಒಂದು ಶಂಖ ತರ್ತೀನಿ ನಿಮಗ."

ತಮಾಷೆಗೇ ಅಂದದ್ದು. ನನಗೆ ಮೈ ಉರಿಯಿತು. ಆ ಕಾರಿನಲ್ಲಿ ನನಗೆ ಜಾಗವಿದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೇ ಅಂದುಕೊಂಡಿದ್ದೆ. ಈಗ ಬಿಡಿಸಿ ನೋಡಿದರೆ ಅಷ್ಟೇ ಕಾಣುತ್ತದೆ, ಅದಕ್ಕಿಂತ ದೊಡ್ಡ ಕಾರಣವೇನೂ ಸಿಗುವುದಿಲ್ಲ.

ನಾಲ್ಕು ದಿನದ ಮೇಲೆ ಚನ್ನಬಸಪ್ಪನವರ ಲಕೋಟೆ ಬಂತು. ಟಪಾಲು ಬರುತ್ತಿದ್ದುದು ಗಿರಣಿಗೆ, ಒಡೆಯುತ್ತಿದ್ದವನು ನಾನು. ಮನೆ ಸಮುದ್ರಕ್ಕೆ ಕೂಗಳತೆಯಲ್ಲಿದೆ, ಮಾಳಿಗೆಯ ಕಿಟಕಿಯಿಂದಲೇ ಅಲೆ ಕಾಣುತ್ತದೆ. ಹಿತ್ತಲಲ್ಲಿ ಸಿಹಿನೀರಿನ ಬಾವಿಯಿದೆ, ನೀರು ಸೇದುವವರು ನಮ್ಮ ಮನೆಯವರೇ, ಬೇರೆ ಯಾರ ಕೊಡವೂ ಇಳಿಯುವುದಿಲ್ಲ. ಎಷ್ಟು ದಿನ ಬೇಕಾದರೂ ಇರಬಹುದು. ಹೀಗಿತ್ತು.

ನಾನು ಅದನ್ನು ಎರಡು ಸಲ ಓದಿದೆ. ಹೊರಗೆ ಬಂದೆ. ಗಿರಣಿಯ ಹಿಂದೆ ಹೊಟ್ಟಿನ ರಾಶಿ ಹೊಗೆಯಾಡುತ್ತಿತ್ತು. ಅದರಲ್ಲಿ ಕೋಲಿನಿಂದ ಒಂದು ತೂತು ಮಾಡಿ ಲಕೋಟೆಯನ್ನು ಒಳಗೆ ತಳ್ಳಿದೆ. ಉರಿ ಏಳಲಿಲ್ಲ. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಹೋಗುತ್ತಾರೆ, ಅಷ್ಟರಲ್ಲಿ ಅಯ್ನೋರಿಗೆ ಇನ್ನಷ್ಟು ವಯಸ್ಸಾಗಿರುತ್ತದೆ. ಹಾಗೆ ಯೋಚಿಸಿದ್ದೆ. ನೀಲಮ್ಮನವರ ನೆನಪು ಆಗ ನನಗೆ ಬರಲೇ ಇಲ್ಲ. ಇದನ್ನು ಯಾರೂ ನಂಬುವುದಿಲ್ಲ, ಆದರೆ ನಿಜ.

ಇನ್ನೊಂದು ವಾರ ಕಾದು ಸಾವಕಾರ್ರು ಕೇಳಿದರು. ಉತ್ತರ ಬಂದಿಲ್ಲ ಎಂದೆ.

ಅವರು ಪಡಸಾಲೆಗೆ ಹೋಗಿ ಹೆಂಡತಿಗೆ ಹೇಳಿದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. "ನೀರಿಗೆ ನೆಲಿ ಇಲ್ಲದ ಕಡಿ ಹೆಂಗಸರನ್ನ ಕಟಿಗೊಂಡು ಹೋಗಾಕ ಆಗಂಗಿಲ್ಲ. ಹರಿಹರದ ತನಕ ಹೋಗಿ ಬರಾಣ ಬಿಡು. ಅಲ್ಲೂ ದೊಡ್ಡ ಹೊಳಿ ಐತಿ."

"ಹರಿಹರದಾಗ ಇರಾದು ಯಾವ ಹೊಳಿ?" ಎಂದು ನೀಲಮ್ಮನವರು ಕೇಳಿದರು.

"ತುಂಗಭದ್ರಿ."

"ನಮ್ಮ ಮನಿ ಹಿಂದ ಹರಿಯಾದು?"

ಸಾವಕಾರ್ರು ಎಲೆ ಅಡಿಕೆಯ ತಟ್ಟೆ ಎಳೆದುಕೊಂಡರು.

"ಅಲ್ಲಿ ಹರದಿದ್ದ ನೀರ ಇಲ್ಲಿಗೆ ಬರತೈತಿ. ಇಲ್ಲೇ ಕುಂತು ನೋಡ್ತೀನಿ. ಬ್ಯಾಡ ಬಿಡ್ರಿ."

ಮೊರದಲ್ಲಿದ್ದ ಬೇಳೆಯನ್ನು ಹಸನು ಮಾಡಿ ಮುಗಿಸಿ ಎದ್ದು ಒಳಗೆ ಹೋದರು. ಪ್ರಯಾಣಕ್ಕೆಂದು ಕಟ್ಟಿಟ್ಟಿದ್ದ ಬುತ್ತಿಯ ಒಣ ರೊಟ್ಟಿಗಳನ್ನು ಸಂಜೆ ಗಿರಣಿಯ ಆಳುಗಳಿಗೆ ಹಂಚಿದರು. ನನಗೂ ನಾಲ್ಕು ಬಂದವು. ತಿಂದೆ.

ಕಾರ್ಡು ಬಂದದ್ದು ಮಿರಗದ ಮಳೆ ಹಿಡಿದ ಮೇಲೆ. ನಾನು ಆ ದಿನ ಕೆಲಸದ ಮೇಲೆ ಹೊಸಪೇಟೆಗೆ ಹೋಗಿದ್ದೆ, ಗಿರಣಿಗೆ ಬೀಗ. ಅಂಚೆಯವನು ಕಾರ್ಡನ್ನು ಮನೆಗೆ ಕೊಟ್ಟು ಹೋಗಿದ್ದ. ನಾನು ಬರುವವರೆಗೂ ನೀಲಮ್ಮನವರು ಅದನ್ನು ಗೋಡೆಯಲ್ಲಿನ ದೇವರ ಮಾಡದಲ್ಲಿ ಇಟ್ಟುಕೊಂಡು ಕಾದಿದ್ದರು. ಸಾವಕಾರ್ರು ಬಳ್ಳಾರಿಗೆ ಹೋಗಿದ್ದರು.

"ಘಟ್ಟದ ಕೆಳಗಿಂದ ಬಂದೈತಂತ. ಅಂಚಿಯಾಂವ ಊರ ಹೆಸರು ಹೇಳಿದ. ಓದು ತಮ್ಮ," ಎಂದು ಕೈಗೆ ಕೊಟ್ಟರು.

ಓದಿಕೊಂಡೆ. ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರಿಗೆ ಆ ಅಕ್ಷರಗಳು ಕಾಣುತ್ತಿದ್ದವು, ಏನು ಎಂದು ಗೊತ್ತಿರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಅಂದರೆ ಓದುವವನ ಹಾಗೆ ಹೇಳಿದೆ. ಸಮುದ್ರ ಈ ವರ್ಷ ಬಹಳ ಜೋರಾಗಿದೆ. ನಮ್ಮ ಬಾವಿಗೆ ಉಪ್ಪುನೀರು ನುಗ್ಗಿದೆ. ನೀವು ಬರದೆ ಇದ್ದದ್ದೇ ಒಳ್ಳೆಯದಾಯಿತು.

"ಅಯ್ಯ, ಪಾಪ," ಎಂದರು ಅವರು. "ಅವರು ಏನು ಕುಡಿತಾರ ಮತ್ತ?"

ಅದಕ್ಕೆ ನಾನು ಇನ್ನೂ ಸುಳ್ಳು ಕಟ್ಟಿರಲಿಲ್ಲ. "ಮಗ್ಗಲ ಮನಿಯಾಗಿಂದ ತರ್ತಿರಬೇಕು" ಎಂದೆ.

"ಉಪ್ಪಾದ ಬಾವಿ ತಿರುಗಿ ಸೀ ಆಗ್ತೈತೇನು?"

"ಎರಡು ಮಳಿಗಾಲ ಹೋದ್ರ ಆಗಬೌದು."

ಕಾರ್ಡನ್ನು ಇಟ್ಟುಕೊಳ್ಳಲು ಕೈ ಹಿಂದೆಗೆದೆ. "ಕೊಡಿಲ್ಲಿ" ಎಂದು ಇಸಿದುಕೊಂಡರು. ಮೂಗಿಗೆ ಹಿಡಿದು ನೋಡಿದರು. "ಇಮಾಮು ಹೇಳಿದ ವಾಸನಿ ಏನೂ ಇಲ್ಲ," ಎಂದು ಅದನ್ನು ವಿಭೂತಿ ಪೆಟ್ಟಿಗೆಯಲ್ಲಿ ಇಟ್ಟರು. ಸಾವಕಾರ್ರು ಬಂದ ಮೇಲೆ ಬಾವಿಯ ಸುದ್ದಿ ಹೇಳಿದರು. ಅವರು ಹೂಂ ಎಂದರು, ಕಾರ್ಡು ಕೇಳಲಿಲ್ಲ.

ಮುಂದಿನ ಬೇಸಿಗೆಗೆ ಯುದ್ಧ ಬಂದಿತ್ತು. ಟೈರು ಸಿಗಲಿಲ್ಲ. ಆಮೇಲೆ ಪೆಟ್ರೋಲಿಗೆ ಕೂಪನ್ನು ಬಂತು. ಕಾರನ್ನು ಇಟ್ಟಿಗೆಗಳ ಮೇಲೆ ಏರಿಸಿ ಗೋಣಿತಟ್ಟು ಹೊದಿಸಿದರು. ಅದರಲ್ಲಿ ಓಣಿಯ ಕೋಳಿಗಳು ಮೊಟ್ಟೆಯಿಟ್ಟವು. ಇಮಾಮ್ ಸಾಬ ಬೇರೆ ಕಡೆ ಹೋದ. ಅಯ್ನೋರು ಲಿಂಗೈಕ್ಯರಾದರು. ನನ್ನ ಸೀಟು ಖಾಲಿಯಾಯಿತು, ಕಾರು ಹೊರಡಲಿಲ್ಲ. ಒಂದು ದಿನ ಯಾರೋ ಬಂದು ಅದನ್ನು ಎತ್ತಿನ ಗಾಡಿಗೆ ಕಟ್ಟಿ ಎಳೆದುಕೊಂಡು ಹೋದರು.

ಪ್ರತಿ ವರ್ಷ ಗಿರಣಿ ನಿಲ್ಲಿಸುವ ಹೊತ್ತಿಗೆ ನೀಲಮ್ಮನವರು ನನ್ನನ್ನು ಕರೆದು ಕೇಳುತ್ತಿದ್ದರು. "ಅವರ ಬಾವಿ ಸೀ ಆತೇನೋ ತಮ್ಮ? ಒಂದು ಕಾಗದ ಹಾಕಿ ಕೇಳು." ಹಾಕುತ್ತೇನೆ ಎನ್ನುತ್ತಿದ್ದೆ. ಹಾಕಿದೆ, ಉತ್ತರ ಬರಲಿಲ್ಲ ಎನ್ನುತ್ತಿದ್ದೆ.

ಮೂರನೆಯ ವರ್ಷವೋ ನಾಲ್ಕನೆಯದೋ, ಅವರು ಮಕ್ಕಳು ಬರೆಯುವ ಒಂದು ಪಾಟಿ ತರಿಸಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ನಾಚಿಕೆಯಿಂದ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು.

"ನನಗ ನಾಕು ಅಕ್ಷರ ಕಲಿಸು ತಮ್ಮ. ಗಂಡಸರ ಕಾಗದಕ್ಕ ಅವರು ಉತ್ತರ ಕೊಡವಲ್ರು. ನಾನ ಅವರ ಮನಿ ಹೆಂಗಸರಿಗೆ ಬರೀತೀನಿ. ಬಾವಿ ವಿಚಾರ ಹೆಂಗಸರಿಗೆ ಗೊತ್ತಿರ್ತೈತಿ."

ನನ್ನ ಕಣ್ಣು ದೇವರ ಮಾಡದ ಕಡೆ ಹೋಯಿತು. ವಿಭೂತಿ ಪೆಟ್ಟಿಗೆ ಅಲ್ಲೇ ಇತ್ತು. ಅಕ್ಷರ ಕಲಿತರೆ ಅವರು ಮೊದಲು ಓದುವುದು ಅದನ್ನೇ.

"ಈಗ ಸುಗ್ಗಿ ಕೆಲಸ ಭಾಳ ಐತ್ರಿ ಅಮ್ಮಾರ. ಮುಗೀಲಿ, ಕಲಿಸ್ತೀನಿ," ಎಂದೆ.

ಸುಗ್ಗಿ ಮುಗಿಯಿತು. ಮನೆಯಲ್ಲಿ ಮದುವೆ ಇದೆ ಎಂದೆ. ಆಮೇಲೆ ಜ್ವರ ಎಂದೆ. ಅವರು ಮೂರು ಸಲ ಕೇಳಿ ಬಿಟ್ಟರು. ಪಾಟಿಯ ಮೇಲೆ ಹಪ್ಪಳದ ಹಿಟ್ಟು ತಟ್ಟತೊಡಗಿದರು. ಲಕೋಟೆ ಸುಟ್ಟದ್ದು ಒಂದು ಸಿಟ್ಟಿನ ಕೆಲಸ. ಕಾರ್ಡನ್ನು ತಪ್ಪು ಓದಿದ್ದು ಹೆದರಿಕೆಯದು. ಇದು ಎರಡೂ ಅಲ್ಲ. ಇದನ್ನು ನಾನು ದಿನದಿನವೂ, ಎಚ್ಚರವಾಗಿದ್ದುಕೊಂಡು, ಮೆತ್ತಗೆ ಮಾತನಾಡುತ್ತ ಮಾಡಿದೆ. ಮೂರರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದೇ.

ನಾನು ಕೆಲಸ ಬಿಟ್ಟು ಹೊಸಪೇಟೆಗೆ ಬಂದೆ. ಸಾವಕಾರ್ರು ತೀರಿಹೋದರು. ತಂಗಿ ಸಂಗಮ್ಮನ ಮಗನನ್ನು ದತ್ತು ತೆಗೆದುಕೊಂಡಿದ್ದರು, ಅವನ ಹೆಂಡತಿ ಈ ಶಾಂತಮ್ಮ. ನೀಲಮ್ಮನವರು ಬಹಳ ವರ್ಷ ಬದುಕಿದರು. ಅವರು ತೀರಿಕೊಂಡಾಗ ನಾನು ಮಣ್ಣಿಗೆ ಹೋಗಿದ್ದೆ, ಹೂ ಹಾಕಿ ಬಂದಿದ್ದೆ. ಆಗಲೂ ಕಾರ್ಡಿನ ವಿಚಾರ ಯಾರನ್ನೂ ಕೇಳಲಿಲ್ಲ.

ಶಾಂತಮ್ಮ ನನ್ನನ್ನು ಕಟ್ಟೆಯ ಮೇಲೆ ಕೂರಿಸಿದಳು. ಒಳಗೆ ತೊಲೆ ಇಳಿಸುವ ಸದ್ದು. ಕಾರ್ಡಿನ ಅಂಚುಗಳು ಸವೆದು ದುಂಡಗಾಗಿದ್ದವು. ವಿಭೂತಿ ಹತ್ತಿ ಬೆಳ್ಳಗಾಗಿತ್ತು. ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದೆ, ಸಾಲುಗಳು ಕಂಡವು. ಈ ಸಲ ಇದ್ದದ್ದನ್ನು ಇದ್ದ ಹಾಗೆ ಓದಿದೆ.

"ನಮ್ಮ ಮೊದಲ ಕಾಗದ ತಲುಪಿರಬೇಕು. ನೀವು ಬರುತ್ತೀರೆಂದು ಹಾದಿ ನೋಡಿದೆವು. ಅಕ್ಕನವರಿಗೆಂದು ಮಾಳಿಗೆಯ ಕೋಣೆ ಸುಣ್ಣ ಬಳಿಸಿದ್ದೆವು. ಮುಂದಿನ ಬೇಸಿಗೆಗಾದರೂ ತಪ್ಪದೆ ಬನ್ನಿರಿ. ನೀರಿನ ಚಿಂತೆ ಬೇಡ. ಬಾವಿ ಎಂದಿನಂತೆ ಸಿಹಿಯಾಗಿದೆ."

ಶಾಂತಮ್ಮ ತಲೆ ಎತ್ತಿದಳು. "ಬಾವಿ ಅಂದ್ರಾ?"

"ಹೌದವ್ವ."

"ಅತ್ತಿ ಕಡೀ ಎರಡು ದಿನ ಬಾವಿ, ಬಾವಿ ಅಂತಿದ್ರು ಕಾಕಾ. ಸೀ ಆತೇನ ಕೇಳ್ರಿ ಅಂತಿದ್ರು. ನಾವು ಹಿತ್ತಲ ಬಾವಿ ಅಂದ್ಕಂಡು ನೀರು ತಂದು ಬಾಯಾಗ ಬಿಟ್ವಿ. ಸೀ ಐತಿ ಅತ್ತಿ, ಅಂದೆ. ಕಣ್ಣು ಬಿಟ್ಟು ನೋಡಿದ್ರು. ಹಂಗಾರ ಕಾರು ತಗಿಯಾಕ ಹೇಳು, ಅಂದ್ರು. ಕಾರು ಎಲ್ಲೈತಿ? ನಾನು ಈ ಮನಿಗೆ ಬಂದಾಗಿಂದ ಕಾರ ನೋಡಿಲ್ಲ. ಹೂಂ ಹೇಳೀನಿ ಅತ್ತಿ, ಅಂದೆ. ಅಷ್ಟ ಆಡಿದ ಮಾತು."

ನಾನು ಅವಳಿಗೆ ಎಲ್ಲ ಹೇಳಿದೆ. ಲಕೋಟೆ, ಕಾರ್ಡು, ಪಾಟಿ. ಇಲ್ಲಿ ಬರೆದಷ್ಟೇ, ಇದೇ ಕ್ರಮದಲ್ಲಿ. ಮುಗಿದ ಮೇಲೆ ಅವಳು ಕಾರ್ಡಿಗೆ ಕೈ ಚಾಚಿದಳು. ಕೊಟ್ಟೆ. ಅದನ್ನು ನನ್ನ ಎದುರೇ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಿದಳು.

"ನೀವು ಸಮುದ್ರ ನೋಡಿರೇನು?" ಎಂದು ಕೇಳಿದಳು.

"ಇಲ್ಲ."

"ಬಸ್ಸು ಅದಾವಲ್ಲ ಈಗ, ದಿನಾ."

"ಅದಾವ," ಎಂದೆ.

ಅವಳು ಎದ್ದು ಒಳಗೆ ಹೋದಳು. ಮನೆಗೆ ಬಂದವರನ್ನು ಸಾಮಾನ್ಯವಾಗಿ ನೀರು ಬೇಕೇನು ಎಂದು ಕೇಳುತ್ತಾರೆ. ಅವಳು ಕೇಳಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು, ಹೊಗೆಯಾಡುತ್ತಿದ್ದ ರಾಶಿಯ ಪಕ್ಕದಿಂದ ಬಸ್ಸಿಗೆ ಬಂದೆ.